ಬೆನ್ನಿಗೆ ಇನ್ನೊಬ್ಬರು

ಹಿರೇಬೆಣಕಲ್ಲಿನ ಗುಡ್ಡ ಹತ್ತಿದ ಮೊದಲ ದಿನ
ನಾನು ಕರಿ ಪ್ಯಾಂಟು ತೊಟ್ಟಿದ್ದೆ.
ಗಾಳೆವ್ವ ಕುಡುಗೋಲು ನೆಲಕ್ಕಿಟ್ಟು ನಕ್ಕಳು:
"ಕರಿದರ ಮ್ಯಾಲ ಕರಿದು ಹೆಂಗ ಕಾಣಬೇಕವ್ವಾ?
ನಾಳಿಗೆ ಬಿಳೇದು ಹಾಕ್ಕೊಂಡು ಬಾ.
ಕಾಲುಚೀಲದಾಗ ಪ್ಯಾಂಟು ತುರುಕು,
ಚಂದ ಕಾಣೂದು ಗಂಗಾವತ್ಯಾಗ ನೋಡಿದರಾತು."

ನಾನು ಬಂದದ್ದು ಮೋರೇರ ಮನೆಗಳನ್ನು ಅಳೆಯಲು.
ಸುತ್ತ ಚಪ್ಪಡಿ, ಮೇಲೊಂದು ಮುಚ್ಚಳ, ದುಂಡನೆಯ ಕಿಂಡಿ.
ಟೇಪಿನ ಒಂದು ತುದಿ ನನ್ನ ಕೈಲಿ, ಇನ್ನೊಂದು ಅವಳ ಕೈಲಿ,
ನಡುವೆ ಸೊಂಟದೆತ್ತರದ ಹುಲ್ಲು.
ಹುಲ್ಲಿನ ತುದಿಯಲ್ಲಿ ಅವಳೇ ತೋರಿಸಿದ್ದು:
ಹುರುಳಿ ಕಾಳಿಗಿಂತ ಸಣ್ಣದು, ಚಪ್ಪಟೆ,
ಮುಂಗಾಲೆರಡನ್ನೂ ಗಾಳಿಗೆ ಚಾಚಿ
ಕೆಂಪು ಬಸ್ಸಿಗೆ ಕೈ ಮಾಡುತ್ತ ನಿಂತ ಹಾಗೆ.
ಹಾರುವುದಿಲ್ಲ, ನೆಗೆಯುವುದಿಲ್ಲ.
ನಾವೇ ಬಸ್ಸು.

ಎಣಿಸಿದೆ. ಎಂಟು ಕಾಲು. ಜೇಡನ ಕುಲ, ಹೇನಿನದಲ್ಲ.
ಮರಿಗೆ ಆರೇ ಎಂದು ಓದಿದ್ದನ್ನು ಹೇಳಿದೆ.
"ಮರಿ ಸಾಸಿವಿಗಿಂತ ಸಣ್ಣದು, ಅದರ ಕಾಲು ಯಾರು ಎಣಿಸ್ಯಾರ" ಅಂದಳು.
ಉಂಡ ಮೇಲೆ ನೋಡಬೇಕಂತೆ ಇದನ್ನು:
ಥೇಟು ಔಡಲ ಬೀಜ, ಅದೇ ಬೂದಿ, ಅದೇ ಹೊಳಪು,
ಕುರಿಯ ಕಿವಿಯೊಳಗೆ ಗೊಂಚಲು.
ಉಣ್ಣುವುದಕ್ಕೇ ಹುಟ್ಟಿದ್ದಕ್ಕೆ ಉಣ್ಣಿ.
ಹೆಸರಿಟ್ಟವರು ಹೆಚ್ಚು ಯೋಚಿಸಲಿಲ್ಲ.

ಸಂಜೆ ಲಾಡ್ಜಿನ ಕೋಣೆಯಲ್ಲಿ ಅವಳು ಹೇಳಿಕೊಟ್ಟ ದಾರಿ ಹಿಡಿದೆ:
ಕಿವಿಯ ಹಿಂದೆ, ಕಂಕುಳು, ಹೊಕ್ಕಳು,
ಲಾಡಿ ಬಿಗಿದ ಗೆರೆ, ಮೊಣಕಾಲ ಹಿಂದಿನ ಮಡಿಕೆ.
ಬಟ್ಟೆ ಬಿಸಿನೀರಿಗೆ.
ಕನ್ನಡಿ ಅಂಗೈಯಗಲ; ಬೆನ್ನು ಉಳಿಯಿತು.
"ಬೆನ್ನಿಗೆ ಇನ್ನೊಬ್ಬರು ಬೇಕs ಬೇಕು" ಎಂದಿದ್ದಳು.
ರಾತ್ರಿಯೆಲ್ಲ ಬೆನ್ನೇ ನನ್ನನ್ನು ಹೊತ್ತುಕೊಂಡು ಎಚ್ಚರಿತ್ತು.

ಬೆಳಿಗ್ಗೆ ಕಲ್ಲುಮನೆಯ ಮರೆಗೆ ಕರೆದು
ಅಂಗಿ ಎತ್ತಿಸಿದಳು. ಸಿಕ್ಕಿತು, ಭುಜದೆಲುಬಿನ ಕೆಳಗೆ.
ಡಬ್ಬಿಯ ಚಿಮಟ ಕೊಟ್ಟೆ.
ತೊಗಲಿಗೆ ತಾಗಿಸಿ, ಅದರ ಬಾಯಿಯ ಹತ್ತಿರವೇ ಹಿಡಿದು,
ತಿರುವದೆ, ಹಿಚುಕದೆ, ನೆಟ್ಟಗೆ ಮೇಲಕ್ಕೆ.
ಆಮೇಲೆ ಸೋಪು, ನೀರು.
ಸೀಮೆಎಣ್ಣೆ ಕೇಳಿದ್ದಕ್ಕೆ ಬೈದಳು.

"ಈಗ ನಿನ್ನದು" ಅಂದೆ.
ಅವಳ ಬೆನ್ನ ಮೇಲೆ ಉಣ್ಣಿ ಇರಲಿಲ್ಲ.
ದುಂಡನೆಯ ಹಳೆಯ ಕಲೆ, ಬೀಡಿಯ ತುದಿಯಷ್ಟು, ನಾಲ್ಕು.
ನನ್ನ ಬೆರಳು ನಿಂತದ್ದು ಅವಳಿಗೆ ತಿಳಿಯಿತು.

"ಉಣ್ಣಿ ಹತ್ತಿತ್ತು. ಬೀಡಿ ಇಟ್ಟರ ಬಿಡತೈತಿ ಅಂದ."
"ನಾಲ್ಕು ಉಣ್ಣಿ?"
"ಒಂದು."

ಎಲ್ಲೋ ಕೆಳಗೆ ಕುರಿಗಳ ಗಂಟೆ.
ರವಿಕೆಯ ಹುಕ್ಕು ಹಾಕಿಕೊಂಡಳು, ಸೆರಗು ಬಿಗಿದಳು.
"ಬೆಂಕಿಗೆ ಅದು ಬಿಡೂದಿಲ್ಲವ್ವ. ಒಳಗ ಇನ್ನಷ್ಟು ಕಕ್ಕತೈತಿ."

ಅಂದು ಮೂವತ್ತೇಳನೆಯ ಮನೆ.
ಪುಸ್ತಕದಲ್ಲಿ ಬರೆದೆ: ಕಿಂಡಿ ಪೂರ್ವಕ್ಕೆ, ಮುಚ್ಚಳ ಸೀಳಿದೆ.
ಅಂಚಿನಲ್ಲಿ: ಉಣ್ಣಿ ಒಂದು, ಬಲಭುಜದ ಕೆಳಗೆ, ತಾರೀಕು ಹದಿನಾಲ್ಕು,
ಜ್ವರ ಬಂದರೆ ಡಾಕ್ಟರಿಗೆ ತೋರಿಸಲು ಬೇಕು.
ಅವಳ ನಾಲ್ಕಕ್ಕೆ ಯಾವ ತಾರೀಕು?
ಪೆನ್ಸಿಲು ಚೂಪು ಮಾಡುತ್ತ ಕೂತೆ, ಮೊನೆ ಮುರಿಯಿತು,
ಮತ್ತೆ ಚೂಪು ಮಾಡಿದೆ.

ಹುಲ್ಲಿನಾಚೆಯಿಂದ ಅವಳ ದನಿ:
"ಟೇಪು ಬಿಗಿ ಹಿಡಿಯs ತಂಗಿ,
ಜೋಲು ಬಿದ್ದೈತಿ."