ಹೊಸದು ಹಿಂದಕ್ಕೆ

ಜಾರಿದ್ದು ಮಳೆಯಲ್ಲಲ್ಲ,
ಚೆಂಡುಹೂವಿನ ಮೇಲೆ.
ಕೆಜಿಗೆ ನಾಲ್ಕು ರೂಪಾಯಿ ಎಂದ ದಿನ
ಯಾರೋ ಮಾರುಕಟ್ಟೆಯ ದಾರಿಗೇ ಸುರಿದು ಹೋಗಿದ್ದರು
ಮೂಟೆ ಮೂಟೆ.
ಪುಷ್ಯದ ಮಂಜು. ನಾಲ್ಕೂವರೆ ಗಂಟೆ.
ಕಳವಾರ ಬೆಟ್ಟವನ್ನೇ ನುಂಗಿದ್ದ ಬಿಳಿಗೆ
ನನ್ನ ಹೆಡ್‌ಲೈಟು ಯಾವ ಲೆಕ್ಕ?
ಬ್ರೇಕು ತುಳಿದರೂ ನಮ್ಮ ಕಾರು
ಮದುವೆಗೆ ಬಂದ ಬೀಗರ ಹಾಗೆ
ಸಾವಕಾಶ ಹೂವಿನ ಮೇಲೇ ನಡೆದು
ಟೀ ಅಂಗಡಿಯ ಬೆಂಚಿಗೆ ಗೇಣು ಬಿಟ್ಟು ನಿಂತಿತು.
ಬೆಂಚಿನ ಮುದುಕ ಲೋಟ ಕೆಳಗಿಡಲಿಲ್ಲ.
'ಟೈರು ನೋಡ್ಕಮ್ಮ' ಅಂದ, ಅಷ್ಟೇ.

ಅದಕ್ಕೇ ಈ ಭಾನುವಾರ
ಬಿ.ಬಿ. ರಸ್ತೆಯ ಜಬೀವುಲ್ಲಾ ಅಂಗಡಿಯಲ್ಲಿ ನಾವು,
ಮನೆಮಂದಿಯೆಲ್ಲ, ಹೆಣ್ಣು ನೋಡಲು ಬಂದವರ ಹಾಗೆ
ಪ್ಲಾಸ್ಟಿಕ್ ಕುರ್ಚಿಯ ಮೇಲೆ.
ಸೀಟಿನ ಸಂದಿಯಲ್ಲಿ ಇನ್ನೂ ಸೇವಂತಿಗೆ ಎಸಳು:
ವಾರವೆಲ್ಲ ಕ್ರೇಟು ಹೊರುವ ಕಾರಿಗೆ
ಭಾನುವಾರ ಮಾತ್ರ ನಾವು ಸರಕು.

ಜಬೀವುಲ್ಲಾ ಮಂಡಿಯೂರಿ
ಒಂದು ರೂಪಾಯಿ ನಾಣ್ಯವನ್ನು ಗೀರಿಗೆ ಇಟ್ಟ.
ನಾಣ್ಯ ನಿಲ್ಲಲೇ ಇಲ್ಲ.
'ಅಕ್ಕಾ, ಹಿಂದಿನ ಎರಡೂ
ತಿರುಪತಿಗೆ ಹೋಗಿ ಬಂದಿವೆ.
ಮುಂದಿನವು ಇನ್ನೂ ಆರು ತಿಂಗಳು ಬಾಳ್ತಾವೆ.'

ಮಗನ ಕಣ್ಣು ಗೋಡೆಯ ಅಲಾಯ್ ಚಕ್ರಗಳ ಮೇಲೆ,
ಐದು ರೆಕ್ಕೆ, ಕನ್ನಡಿಯ ಹೊಳಪು.
ಕಬ್ಬಿಣದ ನಮ್ಮ ಚಕ್ರ
ಹಳ್ಳಕ್ಕೆ ಬಿದ್ದು ಸೊಟ್ಟಾದರೆ
ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಬಹುದು ಕಂದ,
ಅದನ್ನು ಬಡಿದರೆ ಬಿರುಕು.
ಅವನು ಕೇಳಿಸಿಕೊಳ್ಳಲಿಲ್ಲ.

ಇವರು ಮೂಲೆಯಿಂದ ಒಂದು ಜೋಡಿ ಉರುಳಿಸಿ ತಂದರು.
ಅರ್ಧ ಬೆಲೆ. ಗೀರು ಆಳ, ಮೈಯೆಲ್ಲ ಕಪ್ಪು ಮಿಂಚು.
'ಇದಕ್ಕೇನಾಗಿದೆ?'
ಜಬೀವುಲ್ಲಾ ಬಟ್ಟೆಯಲ್ಲಿ ಪಕ್ಕೆ ಒರೆಸಿ
ನಾಲ್ಕು ಅಂಕಿ ತೋರಿಸಿದ: ಮೂರು, ಒಂದು, ಒಂದು, ನಾಲ್ಕು.
'ಹದಿನಾಲ್ಕನೇ ಇಸವಿ, ಮೂವತ್ತೊಂದನೇ ವಾರ.
ಓಡದೆ ಸುಮ್ಮನೆ ಕೂತೇ ಮುದಿಯಾಗ್ತದೆ ಸಾರ್ ರಬ್ಬರು,
ನೋಡೋಕೆ ಹರೆಯ.'

ಅತ್ತೆ ಬೆರಳೆಣಿಸಿದರು.
'ಆಗ ತಾನೇ ಶ್ರಾವಣ ಹಿಡಿದಿತ್ತು,
ನಮ್ಮ ಭುವನ್ ಹುಟ್ಟಿದ ವಾರ!'
ಹುಡುಗ ಅಲಾಯ್ ಮರೆತು ಬಂದ,
ಬಗ್ಗಿ ನೋಡಿದ,
ತನ್ನ ವಾರಿಗೆಯ ಟೈರಿನ ಸಣ್ಣ ಸೀಳಿನೊಳಗೆ
ಉಗುರು ಇಟ್ಟ.
ಆಮೇಲೆ ಸ್ವಲ್ಪ ಹೊತ್ತು ಯಾರನ್ನೂ ಏನೂ ಕೇಳಲಿಲ್ಲ.

ಕೈಲಿದ್ದ ದುಡ್ಡಿಗೆ ಎರಡೇ ಹೊಸದು.
ಉಳಿದೆರಡು ಯುಗಾದಿಗೆ.
'ಮುಂದಕ್ಕೆ ಹಾಕು,' ಇವರು,
'ಎಂಜಿನ್ ಮುಂದಿದೆ, ಸ್ಟೀರಿಂಗ್ ಮುಂದಿದೆ.'
'ಹಿಂದಕ್ಕೆ,' ಜಬೀವುಲ್ಲಾ.
'ದುಡಿಯೋದು ಮುಂದಿನದು ಕಣಯ್ಯ!'
'ಸಾರ್, ಮುಂದೆ ಜಾರಿದರೆ ಕೈಗೆ ಗೊತ್ತಾಗ್ತದೆ,
ಕಾಲು ತೆಗೀತೀರಿ, ತಿರುಗಿಸ್ತೀರಿ.
ಹಿಂದೆ ಜಾರಿದರೆ ಹೇಳದೇ ಜಾರ್ತದೆ.'

ಹಿಂದಿನ ಸೀಟು ನೋಡಿದೆ:
ಅಲ್ಲಿ ಅತ್ತೆ ಶಾಲು ಹೊದ್ದು ತೂಕಡಿಸುತ್ತಾರೆ,
ಅಲ್ಲಿ ಇವನು ಬಾಯಿ ತೆರೆದು ಮಲಗುತ್ತಾನೆ.
ಇವರಿಗೆ ಲೈಸೆನ್ಸು ಇದೆ, ಇಪ್ಪತ್ತು ವರ್ಷದ್ದು.
ಮಂಜಿನಲ್ಲಿ ಓಡಿಸುವವಳು ನಾನು.
'ಹಿಂದಕ್ಕೇ ಹಾಕಿ,' ಅಂದೆ.
ಇವರು ಬೀಡಿ ಹಚ್ಚಲು ಹೊರಗೆ ಹೋದರು.

ಬಿಚ್ಚಿದ ಬೋಳು ಟೈರುಗಳನ್ನು ಅತ್ತೆ ಬಿಡಲಿಲ್ಲ,
ಕೊಟ್ಟಿಗೆಯ ಶೀಟು ಗಾಳಿಗೆ ಏಳುತ್ತದಂತೆ,
ಮೇಲೆ ಹೇರಲು ಬೇಕಂತೆ.
ಡಿಕ್ಕಿ ಮುಚ್ಚಲಿಲ್ಲ, ಹಗ್ಗ ಕಟ್ಟಿದೆವು.

ಹೊಸ ಟೈರಿನ ಮೈತುಂಬ
ಎಳೆ ಎಳೆ ರಬ್ಬರು ಕೂದಲು,
ಹಸುಗೂಸಿನ ಕಿವಿಯಂಚಿನ ರೋಮದಂತೆ.
ಕುಕ್ಕರುಗಾಲಲ್ಲಿ ಕೂತ ಭುವನ್
ಒಂದೊಂದೇ ಕೀಳುತ್ತಿದ್ದ.
ಬೇಡ ಅಂದೆ. ಯಾಕೆ ಅಂದ.
ಗೊತ್ತಿಲ್ಲ, ರಸ್ತೆ ಹೇಗೂ ಕೀಳುತ್ತದೆ,
ನೀನು ಕೀಳಬೇಡ.