ನಡಾವಳಿ

ಇಪ್ಪತ್ತೆರಡು ವರ್ಷ ಠರಾವು ಬರದೀನಿ
ಇಂಡಿ ತಾಲೂಕಿನ ಈ ಪಂಚಾಯ್ತ್ಯಾಗ.
ಯಾರು ಏನಂದ್ರೂ ನಾ ಬರಿಯೋದು ಒಂದ:
‘ಸುದೀರ್ಘವಾಗಿ ಚರ್ಚಿಸಲಾಯಿತು.’

ತಾಂಡಾದ ಥಾವರಿಬಾಯಿ ಪವಾರ
ಅಧ್ಯಕ್ಷರ ಕುರ್ಚಿಗೆ ಬಂದ ಮೊದಲ ಸಭಾ.
ಚಾ ಬಂತು, ಸಹಿ ಮಾಡೋ ಹೊತ್ತು ಬಂತು.
ಪೆನ್ನಿನ ಟೊಪಗಿ ತಗೀಲಿಲ್ಲ ಆಕಿ.
‘ಬರದದ್ದು ಓದ್ರಿ’ ಅಂದ್ಳು.

ಓದಿದೆ.

‘ಸಕ್ರಿಬಾಯಿ ಎದ್ದು ನಿಂತು ಅಂದ್ಳಲ್ಲ, ಅದೆಲ್ಲಿ?
ರಾತ್ರಿ ಎರಡಕ್ಕ ನಳ ಬಿಡ್ತೀರಿ,
ಕೊಡ ಹೊತ್ತು ಬಸುರಿ ಹೆಣ್ಮಗಳು ಬಿದ್ಳು ಅಂತ,
ಅದೆಲ್ಲಿ?’

ಚರ್ಚೆ ಅನ್ನೋದ್ರಾಗ ಎಲ್ಲಾ ಬಂತ್ರಿ, ಅಂದೆ.
ಉಪಾಧ್ಯಕ್ಷರು ನಕ್ಕರು.
ಆಕಿ ನಗಲಿಲ್ಲ, ಕಾಯ್ದಳು.
ಫ್ಯಾನು ಟಕ್ ಟಕ್ ಅಂತಿತ್ತು.

ಕಡೀಕ ನಾನಽ ಕೇಳ್ದೆ: ಏನಂತ ಬರೀಲಿ?
‘ಆಕಿ ಅಂದಂಗ.’

ಬರದೆ, ಕನ್ನಡ ಅಕ್ಷರದಾಗ ಅವರ ಮಾತು:
ಪಾಣಿ ಕೋನಿ.

ಆಡಿಟ್‌ನವರು ಅದರ ಸುತ್ತ
ಕೆಂಪು ಶಾಯಿಲೆ ಗೆರಿ ಹೊಡದಾರ:
‘ಇದು ಯಾವ ಭಾಷೆ? ವಿವರಣೆ ನೀಡಿ.’
ಬರದು ಬರದು ಮೂರು ಸಲ ಹರದೀನಿ.

ನಳ ಇನ್ನೂ ಎರಡಕ್ಕಽ ಬರ್ತದ.
ಅದಽ ಹೊತ್ತಿಗೆ ನನ್ನ ದಿಂಬಿನ ಬಾಜೂಕ
ಅಧ್ಯಕ್ಷರ ಫೋನು:
‘ಈಗ ಬಂತ್ರಿ. ಬರಕೋರಿ.’