ನಲವತ್ತೊಂದು

ಗಲ್ ಕೋವಿನಲ್ಲಿ ನಮ್ಮ ಮನೆಯ ಗಂಡಸರು
ಮುದುಕರಾಗುತ್ತಿರಲಿಲ್ಲ.
ಅಜ್ಜ, ಬಲೆ ಬಿಡಿಸುತ್ತ ದೋಣಿಯಂಚಿಗೆ ಒರಗಿದವನು,
ಒರಗಿಯೇ ಇದ್ದ. ಮೂವತ್ತಾರು.
ಅಪ್ಪ ಕೆಟಲಿಗೆ ನೀರು ತುಂಬಿ
'ಕೆಜಾಯಾ, ಕಡ್ಡಿಪೆಟ್ಟಿಗೆ ಎಲ್ಲಿ?' ಅಂದ.
ಹುಡುಕಿ ತರುವಷ್ಟರಲ್ಲಿ
ಕೇಳಿದವನು ಇರಲಿಲ್ಲ.
ಅಣ್ಣ ಸೈಲಸ್ ಕ್ರಿಸ್‌ಮಸ್ ಕುಣಿತದ ನಡುವೆ.
ತಮಾಷೆಯೆಂದುಕೊಂಡು ಪಿಟೀಲು
ಇನ್ನೂ ಎರಡು ಸುತ್ತು ನುಡಿಯಿತು.

ಕಡಲು ನುಂಗಿದ್ದರೆ ಕಡಲನ್ನು ಬೈಯಬಹುದಿತ್ತು.
ಪಾದ್ರಿ ದೇವರ ಚಿತ್ತವೆಂದರು.
'ಆ ಮನೆಗೆ ಹೆಣ್ಣು ಕೊಡಬೇಡಿ'
ಎಂದು ಮೀನು ಸೀಳುವ ಮೇಜಿನ ಸುತ್ತ
ಊರು, ನಮಗೆ ಕೇಳಿಸುವಷ್ಟೇ ಮೆಲ್ಲಗೆ.

ಸೇಂಟ್ ಜಾನ್ಸ್‌ನಿಂದ ನರ್ಸೊಬ್ಬಳು ಬಂದಳು,
ಬೂಟಿನ ತುಂಬ ಕೆಸರು.
ರಕ್ತ ಕೇಳಿದಳು, ಕೊಟ್ಟೆವು.
ಮನೆಯ ಬೈಬಲ್ ಕೇಳಿದಳು,
ಅಮ್ಮ ಅನುಮಾನಿಸಿದಳು.
ಅದರ ಕೊನೆಯ ಹಾಳೆಯಲ್ಲಿ ನಮ್ಮ ಹುಟ್ಟು, ಸಾವು,
ಮಸಿ ಬದಲಾದರೂ ಬದಲಾಗದ ಲೆಕ್ಕ.

ಎಷ್ಟೋ ಚಳಿಗಾಲ ಏನೂ ಬರಲಿಲ್ಲ.
ಆಮೇಲೆ ಹೇಳಿದರು:
ಮುನ್ನೂರು ಕೋಟಿ ಅಕ್ಷರಗಳಲ್ಲಿ
ಒಂದು, ಒಂದೇ ಒಂದು, ತಪ್ಪಿದೆ.
ಇಪ್ಪತ್ತಾರು ವರ್ಷ ಮಕ್ಕಳ ಕಾಗುಣಿತ ತಿದ್ದಿದವಳು ನಾನು.
ಇಂಥದಕ್ಕೆ ಅರ್ಧ ಅಂಕ ಕಳೆಯುತ್ತಿದ್ದೆ,
ಅಷ್ಟೇ.

ಸೈಲಸನ ಮಗ ಗಾರ್ಲಂಡನಿಗೆ ಆಗ ಇಪ್ಪತ್ನಾಲ್ಕು.
ಅವನ ಲಕೋಟೆಯಲ್ಲಿ 'ಇದೆ'.
ತಂಗಿ ಥರ್ಜಾಳದರಲ್ಲಿ 'ಇಲ್ಲ'.
ಹೆಚ್ಚು ಅತ್ತವಳು ಥರ್ಜಾ.
ಅಕ್ಷರ ತಿದ್ದಲು ಬರುವುದಿಲ್ಲ, ಎಂದರು ಡಾಕ್ಟರು,
ಕಾವಲಿಡಬಹುದು.
ಕೊರಳೆಲುಬಿನ ಕೆಳಗೆ ಚರ್ಮ ಕೊಯ್ದು
ಯಂತ್ರವೊಂದನ್ನು ಇಟ್ಟು ಹೊಲಿದರು.
ಕಡ್ಡಿಪೆಟ್ಟಿಗೆಯಷ್ಟು.

ನನ್ನ ಲಕೋಟೆ ಚಹಾ ಡಬ್ಬಿಯ ಹಿಂದಿದೆ.
ನಾನಿನ್ನೂ ಒಡೆದಿಲ್ಲ. ಯಾಕೆಂದು ಕೇಳಬೇಡಿ.

ಹೋದ ಮಾರ್ಚಿನಲ್ಲಿ, ಕಟ್ಟೆಯ ಮೇಲೆ,
ಏಡಿಬುಟ್ಟಿ ಎತ್ತುತ್ತಿದ್ದ ಗಾರ್ಲಂಡ್ ಬಿದ್ದ,
ನಮ್ಮವರು ಬೀಳುವ ಹಾಗೆಯೇ, ಸದ್ದಿಲ್ಲದೆ.
ನನ್ನ ಕೈ ಆಗಲೇ ಶಿಲುಬೆಯ ಗುರುತು ಹಾಕುತ್ತಿತ್ತು.
ಎದೆಯೊಳಗೆ ಕುದುರೆ ಒದ್ದಂತೆ ಅವನ ಮೈ ಜಿಗಿಯಿತು.
ಎದ್ದು ಕೂತ.
ಅತ್ತೆಯ ಮುಂದೆ ಆಡಬಾರದ ಮಾತೊಂದನ್ನು
ಗಟ್ಟಿಯಾಗಿ ಆಡಿದ.
ಅಷ್ಟು ಚಂದದ ಬೈಗುಳವನ್ನು
ನಾನು ಈ ಜನ್ಮದಲ್ಲಿ ಕೇಳಿಲ್ಲ.

ನಿನ್ನೆ ಅವನಿಗೆ ನಲವತ್ತೊಂದು.
ಕೇಕಿಗೆ ಬಾಗಿದಾಗ ನೆತ್ತಿ ಕಂಡಿತು.
ನಮ್ಮ ಗಂಡಸರ ಕೂದಲು
ನರೆತರೆ ಯಾವ ಬಣ್ಣವೆಂದು
ಈವರೆಗೆ ಯಾರೂ ನೋಡಿರಲಿಲ್ಲ.
ಬೆಳ್ಳಿಯೇನಲ್ಲ.
ಬಿಸಿಲಿಗೆ ಹರವಿದ ಉಪ್ಪುಮೀನಿನಂತೆ
ಮಾಸಲು ಹಳದಿ.
ಥರ್ಜಾಳನ್ನು ಕರೆದು ತೋರಿಸಿದೆ.
'ಅಯ್ಯೋ, ಎಷ್ಟು ಕೆಟ್ಟದಾಗಿದೆ' ಅಂದಳು.
ಇಬ್ಬರೂ ಬಹಳ ಹೊತ್ತು
ನೋಡುತ್ತ ನಿಂತೆವು.